ಅಜ್ಜನ ಹೆಸರಿನ ಮನೆ, ಅವ್ವನ ಹೆಸರಿನ ರಿಯಾಯಿತಿ

ನಮ್ಮ ಮನೆಗೆ ಮೂರು ನಂಬರು, ಮೂರು ಹೆಸರು. ಸಿಟಿ ಸರ್ವೆ ದಾಖಲೆಯಲ್ಲಿ ಅದು ಅಜ್ಜನದು. ಮಹಾನಗರ ಪಾಲಿಕೆಯ ಘರಪಟ್ಟಿಯಲ್ಲಿ, ಅಂದರೆ ಆಸ್ತಿ ತೆರಿಗೆಯ ದಾಖಲೆಯಲ್ಲಿ, ಅಪ್ಪನದು. ಹೆಸ್ಕಾಂ ಕರೆಂಟ್ ಬಿಲ್ಲಿನಲ್ಲಿ ಕಾಕಾನದು. ಮದುವೆಯಾಗಿ ಬಂದಾಗಿನಿಂದ ಆ ಮನೆಯ ಒಲೆ ಹಚ್ಚಿದ ಅವ್ವನ ಹೆಸರು ಮಾತ್ರ ಎಲ್ಲೂ ಇಲ್ಲ. ಬೆಳಗಾವಿಯ ಶಹಾಪುರದಲ್ಲಿ ಇದೇನು ವಿಶೇಷವಲ್ಲ. ನಮ್ಮ ಗಲ್ಲಿಯಲ್ಲಿ ಯಾರ ಮನೆಯ ಟ್ರಂಕು ತೆಗೆಸಿದರೂ ಇಂಥದ್ದೇ ಕಥೆ ಹೊರಬಿದ್ದೀತು. ಹೆಸರು ಬದಲಾಗದಿದ್ದರೆ ಮನೆಯೇನು ಎದ್ದು ಹೋಗುತ್ತದೆಯೇ ಎಂದು ಎಲ್ಲರೂ ನಿಶ್ಚಿಂತೆಯಿಂದ ಇರುತ್ತಾರೆ.

ಮನೆ ಎದ್ದು ಹೋಗುವುದಿಲ್ಲ ನಿಜ. ಆದರೆ ಸರಕಾರದಿಂದ ಏನಾದರೂ ಕೇಳಲು ಹೋದಾಗ ಹೆಸರಿನ ಪ್ರಶ್ನೆ ಬಂದೇ ಬರುತ್ತದೆ. ಅಪ್ಪ ಮರಾಠಾ ಲೈಟ್ ಇನ್‌ಫಂಟ್ರಿಯಲ್ಲಿದ್ದು ನಿವೃತ್ತರಾದವರು. ಮಾಜಿ ಸೈನಿಕರು ಮತ್ತು ತೀರಿಹೋದ ಸೈನಿಕರ ಕುಟುಂಬದವರು ಸ್ವಂತ ವಾಸಕ್ಕೆ ಇಟ್ಟುಕೊಂಡ ಒಂದು ಮನೆಗೆ ಆಸ್ತಿ ತೆರಿಗೆಯಲ್ಲಿ ಅರ್ಧ ರಿಯಾಯಿತಿ ಉಂಟು. ಅಪ್ಪ ಇದ್ದಾಗ ಇದನ್ನು ಕೇಳಲೇ ಇಲ್ಲ. "ಊರಿಗೆ ನಾಕು ರೂಪಾಯಿ ಕೊಟ್ರ ಏನಾತು" ಎನ್ನುವ ಸ್ವಭಾವ. ಅವರು ಹೋದ ಮೇಲೆ ಕುಟುಂಬ ಪಿಂಚಣಿಯಲ್ಲಿ ಅವ್ವ ಒಬ್ಬರೇ ಮನೆ ನಡೆಸುವಾಗ, ನಾನು ಅರ್ಜಿ ಬರೆದುಕೊಂಡು ಹೋದೆ. ಕೌಂಟರಿನಲ್ಲಿದ್ದವರು ಕಾಗದ ತಿರುವಿ ನೋಡಿ, "ಅಕ್ಕಾರ, ಅರ್ಜಿ ಬರೋಬ್ಬರಿ ಐತ್ರಿ. ಆದ್ರ ಈ ಮನಿ ನಿಮ್ಮ ಅವ್ವಾರದು ಅಂತ ಎಲ್ಲಿ ಐತ್ರೀ?" ಎಂದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವುದೇ ದೊಡ್ಡ ಕೆಲಸವಾಯಿತು. ರಿಯಾಯಿತಿಯ ಅರ್ಜಿ ಒಂದು ಪುಟದ್ದು. ಅದರ ಹಿಂದೆ ಎಪ್ಪತ್ತು ವರ್ಷದ ದಾಖಲೆ ನಿಲ್ಲಿಸಬೇಕಿತ್ತು.

ನಾನು ಪತ್ತಿನ ಸೊಸೈಟಿಯೊಂದರಲ್ಲಿ ಲೆಕ್ಕ ನೋಡುವವಳು. ಸಾಲಕ್ಕೆ ಬರುವವರ ಉತಾರ (ಹಕ್ಕಿನ ದಾಖಲೆಯ ಪ್ರತಿ), ಖರೀದಿ ಪತ್ರ, ತೆರಿಗೆ ರಸೀದಿ ದಿನಾ ಕಣ್ಣಿಗೆ ಬೀಳುತ್ತವೆ. ಹಾಗಾಗಿ ಯಾವ ಕಾಗದ ಯಾವ ಕಚೇರಿಯಲ್ಲಿ ಹುಟ್ಟುತ್ತದೆ ಎಂಬ ಅಂದಾಜಿತ್ತು. ವಕೀಲರನ್ನು ಹಿಡಿಯದೆ ನಾನೇ ಓಡಾಡಲು ಅದೇ ಧೈರ್ಯ.

ಮೊದಲು ಹೋದದ್ದು ಸಿಟಿ ಸರ್ವೆಗೆ. ನಮ್ಮ ಭಾಗದಲ್ಲಿ ಊರೊಳಗಿನ ಹಳೆಯ ಮನೆಗಳಿಗೆ ಸಿ.ಟಿ.ಎಸ್. ನಂಬರ್, ಅಂದರೆ ಸಿಟಿ ಸರ್ವೆಯ ನಂಬರ್ ಇರುತ್ತದೆ. ಮುಂಬಯಿ ಆಡಳಿತದ ಕಾಲದಿಂದ ಬಂದ ಪದ್ಧತಿ ಇದು. ಹೊಲಕ್ಕೆ ಪಹಣಿ ಇದ್ದ ಹಾಗೆ ಊರೊಳಗಿನ ಜಾಗಕ್ಕೆ ಪ್ರಾಪರ್ಟಿ ಕಾರ್ಡ್. ಜನರ ಬಾಯಲ್ಲಿ ಎರಡೂ ಉತಾರವೇ. ಮೈಸೂರು ಕಡೆಯಿಂದ ವರ್ಗವಾಗಿ ಬಂದವರು ಇದನ್ನು ಕಂಡು ಗಲಿಬಿಲಿಗೊಳ್ಳುವುದನ್ನು ನೋಡಿದ್ದೇನೆ. ಅವರಿಗೆ ಖಾತೆ ಎಂದರೇ ಎಲ್ಲ. ಇಲ್ಲಿ ಪಾಲಿಕೆಯ ಖಾತೆ ಒಂದು, ಸಿಟಿ ಸರ್ವೆಯ ಕಾರ್ಡು ಇನ್ನೊಂದು. ಒಂದರಲ್ಲಿ ಹೆಸರು ಬದಲಾದರೆ ಇನ್ನೊಂದರಲ್ಲಿ ತಾನಾಗಿ ಬದಲಾಗುವುದಿಲ್ಲ.

ತೊಂದರೆ ಏನೆಂದರೆ, ನಮ್ಮಲ್ಲಿ ಯಾರಿಗೂ ಸಿ.ಟಿ.ಎಸ್. ನಂಬರ್ ಗೊತ್ತಿರಲಿಲ್ಲ. ತೆರಿಗೆ ರಸೀದಿಯಲ್ಲಿ ಇದ್ದದ್ದು ಪಾಲಿಕೆಯ ಪಿ.ಐ.ಡಿ. (ಆಸ್ತಿ ಗುರುತಿನ) ನಂಬರ್, ಅಜ್ಜನ ಖರೀದಿ ಪತ್ರದಲ್ಲಿ ಇದ್ದದ್ದು ಆ ಕಾಲದ ಮುನಸಿಪಾಲ್ಟಿಯ ಮನೆ ನಂಬರ್. ಇದಕ್ಕೊಂದು ಸುಲಭದ ದಾರಿ ಇದೆ. ಪಕ್ಕದ ಮನೆಯವರು ಇತ್ತೀಚೆಗೆ ಸಾಲ ತೆಗೆದಿದ್ದರು, ಅವರ ಹತ್ತಿರ ಕಾರ್ಡು ಇತ್ತು. ಅವರ ನಂಬರ್ ಹಿಡಿದುಕೊಂಡು ಸಿಟಿ ಸರ್ವೆಯ ನಕಾಶೆ ಹಾಳೆ ತೆಗೆಸಿದರೆ, ಅದರ ಪೂರ್ವಕ್ಕಿರುವ ಚೌಕವೇ ನಮ್ಮದು. ಗಲ್ಲಿಯ ತಿರುವು, ಬಾವಿ, ಎದುರಿನ ಮಠ, ಎಲ್ಲ ಕೂಡಿ ಬಂತು. ಸಾಲ ತೆಗೆದ ನೆರೆಯವರು ಇಂಥ ಹೊತ್ತಿನಲ್ಲಿ ಬಹಳ ಉಪಯೋಗಕ್ಕೆ ಬರುತ್ತಾರೆ.

ಕಾರ್ಡು ಓದುವುದಕ್ಕೆ ಸ್ವಲ್ಪ ಅಭ್ಯಾಸ ಬೇಕು. ಮೇಲ್ಭಾಗದಲ್ಲಿ ನಂಬರ್, ಕ್ಷೇತ್ರ, ಯಾವ ನಮೂನೆಯ ಹಿಡುವಳಿ ಎಂಬ ವಿವರ, ಮೂಲ ಹಕ್ಕುದಾರನ ಹೆಸರು. ಕೆಳಗೆ ಸಾಲು ಸಾಲಾಗಿ ವ್ಯವಹಾರಗಳು: ತಾರೀಖು, ಏನು ನಡೆಯಿತು, ಹೊಸ ಹಕ್ಕುದಾರ ಯಾರು, ಅಧಿಕಾರಿಯ ಸಹಿ. ಕಂಸದೊಳಗೆ ಹಾಕಿದ ಹೆಸರು ಎಂದರೆ ಆ ಹಕ್ಕು ಮುಗಿಯಿತು ಎಂದರ್ಥ. ಕಂಸವಿಲ್ಲದೆ ನಿಂತಿರುವ ಹೆಸರು ಯಾವುದೋ ಅದೇ ಈಗ ನಡೆಯುವ ಹೆಸರು. ನಮ್ಮ ಕಾರ್ಡಿನಲ್ಲಿ ಕಂಸವಿಲ್ಲದೆ ನಿಂತಿದ್ದವನು ಅಜ್ಜ. ಅವನ ಕೆಳಗೆ ನಾವ್ಯಾರೂ ನಿರೀಕ್ಷಿಸದ ಇನ್ನೊಂದು ಸಾಲಿತ್ತು: ನೇಕಾರರ ಸಹಕಾರಿ ಸಂಘವೊಂದರ ಬೋಜಾ, ಅಂದರೆ ಮನೆಯ ಮೇಲಿನ ಸಾಲದ ನಮೂದು. ಅಜ್ಜ ಮಗ್ಗದ ಮೇಲೆ ಸೀರೆ ನೇಯುತ್ತಿದ್ದವನು. ನೂಲಿಗೋ ಮಗ್ಗಕ್ಕೋ ತೆಗೆದ ಸಾಲ ಅದು. ತೀರಿಸಿದ್ದನೆಂದು ಕಾಕಾ ಆಣೆ ಮಾಡಿ ಹೇಳುತ್ತಾರೆ. ಸಾಲ ತೀರಿತು, ಬೋಜಾ ಉಳಿಯಿತು. ಸಾಲ ಕೊಟ್ಟವರು ತಾವಾಗಿ ಹೋಗಿ ಬೋಜಾ ಕಡಿಮೆ ಮಾಡಿಸುವ ರೂಢಿ ನಮ್ಮಲ್ಲಿ ಕಡಿಮೆ. ಸಾಲಗಾರನೇ ತೀರುವಳಿ ಪತ್ರ ಒಯ್ದು ಕೊಡಬೇಕು.

ಆ ಸಂಘ ಈಗ ಇಲ್ಲ. ಇಲ್ಲಿ ನನ್ನ ನೌಕರಿ ಕೈ ಹಿಡಿಯಿತು. ಸಹಕಾರಿ ಸಂಘ ಮುಚ್ಚಿದರೆ ಅದರ ಲೆಕ್ಕ ಗಾಳಿಗೆ ಹೋಗುವುದಿಲ್ಲ. ಸಹಕಾರ ಇಲಾಖೆ ಸಮಾಪಕರನ್ನು, ಅಂದರೆ ಮುಚ್ಚಿದ ಸಂಘದ ಲೆಕ್ಕ ಮುಗಿಸುವವರನ್ನು, ನೇಮಿಸಿರುತ್ತದೆ, ವಹಿಗಳು ಅವರ ವಶಕ್ಕೆ ಬರುತ್ತವೆ. ಸಹಾಯಕ ನಿಬಂಧಕರ ಕಚೇರಿಯ ಮೂಲಕ ವಿಚಾರಿಸಿ, ಸಾಲಗಾರರ ಯಾದಿಯಲ್ಲಿ ಅಜ್ಜನ ಬಾಕಿ ಇಲ್ಲ ಎಂಬ ಪತ್ರ ಪಡೆದೆ. ಇಂಥ ಹಳೆಯ ಬೋಜಾ ಇದ್ದವರು ಬ್ಯಾಂಕಿನವರು ಕೇಳುವ ತನಕ ಕಾಯುತ್ತ ಕೂಡಬಾರದು. ಆ ಯಾದಿ ಓದಬಲ್ಲ ಜನ ಇನ್ನೂ ನೌಕರಿಯಲ್ಲಿ ಇರುವಾಗಲೇ ಮುಗಿಸಿಕೊಳ್ಳುವುದು ಒಳ್ಳೆಯದು.

ಮುಂದಿನದು ಅಜ್ಜನಿಂದ ಅಪ್ಪನಿಗೆ ಮನೆ ಬಂದದ್ದು ಹೇಗೆ ಎಂಬ ಪ್ರಶ್ನೆ. ಟ್ರಂಕಿನಲ್ಲಿ ಸಿಕ್ಕ ಅತಿ ಹಳೆಯ ಕಾಗದ ಮೋಡಿ ಲಿಪಿಯದು, ಮರಾಠಿಯ ಹಳೆಯ ಕೂಡಕ್ಷರದ ಬರಹ. ಶಹಾಪುರ 1948ರ ವರೆಗೆ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಪಕ್ಕದ ಬೆಳಗಾವಿ ಬ್ರಿಟಿಷರದು, ರಸ್ತೆ ದಾಟಿದರೆ ಸಾಂಗಲಿಕರರದು. ಅಜ್ಜನಿಗೆ ಮನೆ ಮಾರಿದವರು ತಮ್ಮ ಹಳೆಯ ಕಾಗದವನ್ನೂ ಕೊಟ್ಟು ಹೋಗಿದ್ದರು. ಅಜ್ಜನ ಖರೀದಿ ಪತ್ರ 1953ರದು, ಮುಂಬಯಿ ರಾಜ್ಯದ ಕಾಲದ್ದು, ಮರಾಠಿಯಲ್ಲಿ, ಬಾಳಬೋಧ (ದೇವನಾಗರಿ) ಅಕ್ಷರದಲ್ಲಿ. ಅದನ್ನು ಅವ್ವನೇ ಓದಿದರು. ಮೋಡಿ ಓದಿಸಲು ಮಾತ್ರ ಹಿರಿಯರೊಬ್ಬರನ್ನು ಹುಡುಕಿಕೊಂಡು ಹೋಗಬೇಕಾಯಿತು. ಅದರಲ್ಲಿ ಅಳತೆ ಇಲ್ಲವೇ ಇಲ್ಲ. ಇಷ್ಟು ಖಣದ (ಅಂಕಣದ) ಮನೆ, ಪೂರ್ವಕ್ಕೆ ಇಂಥವರ ಗೋಡೆ, ಪಶ್ಚಿಮಕ್ಕೆ ಸರಕಾರಿ ಬೋಳ (ಸಂದಿ), ಹೀಗೆ ಚತುಃಸೀಮೆ ಅಷ್ಟೇ. ಹಳೆಯ ಮನೆಗಳ ವಿಷಯದಲ್ಲಿ ನಂಬರಿಗಿಂತ ಚತುಃಸೀಮೆಯನ್ನೇ ನಾನು ಹೆಚ್ಚು ನಂಬುತ್ತೇನೆ. ನಂಬರು ಸಲ ಸಲಕ್ಕೂ ಬದಲಾಗುತ್ತದೆ, ಗೋಡೆ ಅಲ್ಲೇ ಇರುತ್ತದೆ.

ಅಜ್ಜನ ಕಾಗದ ಸರಿ. ಅಪ್ಪ ಮತ್ತು ಕಾಕಾ ಬೇರೆಯಾದಾಗ ವಾಟ್ಣಿ ಪತ್ರ (ಪಾಲು ಪತ್ರ) ಆಗಿತ್ತು ಎಂದು ಕಾಕಾ ಹೇಳುತ್ತಿದ್ದರು. ರಸ್ತೆ ಕಡೆಯ ಅರ್ಧ ಅಪ್ಪನಿಗೆ, ಹಿತ್ತಲ ಕಡೆಯ ಅರ್ಧ ಕಾಕಾನಿಗೆ. ಆದರೆ ಪತ್ರ ಯಾರ ಹತ್ತಿರವೂ ಇಲ್ಲ. "ರಿಜಿಸ್ಟರ್ ಆಗಿತ್ತೇನು ಕಾಕಾ, ಇಲ್ಲಾ ಬರೇ ಸ್ಟಾಂಪ್ ಪೇಪರ್ ಮ್ಯಾಲ ಬರದಿದ್ರೋ?" ಎಂದೆ. "ಹೆಬ್ಬಟ್ಟಿಗೆ ಮಸಿ ಹಚ್ಚಿದ್ದು ನೆನಪೈತಿ ನೋಡವ್ವಾ" ಎಂದರು. ಮಸಿ ಹಚ್ಚಿದ್ದರೆ ಉಪನೋಂದಣಿ ಕಚೇರಿಯಲ್ಲಿ ಪ್ರತಿ ಇರಲೇಬೇಕು. ರಿಜಿಸ್ಟರ್ ಆದ ಪತ್ರ ಮನೆಯಲ್ಲಿ ಕಳೆಯಬಹುದು, ವಹಿಯಲ್ಲಿ ಉಳಿದಿರುತ್ತದೆ.

ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಮೊಬೈಲ್ ನಂಬರ್ ಕೊಟ್ಟು ಒಳಹೊಕ್ಕರೆ ಮನೆಯಲ್ಲೇ ಕುಳಿತು ಇಸಿ ಅಂದರೆ ಋಣಭಾರ ಪ್ರಮಾಣಪತ್ರ ಕೇಳಬಹುದು. ಜಿಲ್ಲೆ, ಉಪನೋಂದಣಿ ಕಚೇರಿ, ಊರು, ಆಸ್ತಿಯ ನಂಬರ್, ಯಾವ ತಾರೀಖಿನಿಂದ ಯಾವ ತಾರೀಖಿನ ವರೆಗೆ, ಇಷ್ಟು ತುಂಬಬೇಕು. ಶುಲ್ಕ ಚಿಲ್ಲರೆ ದುಡ್ಡು. ಆ ಅವಧಿಯಲ್ಲಿ ವ್ಯವಹಾರ ಇದ್ದರೆ ನಮೂನೆ 15 ಬರುತ್ತದೆ, ಇಲ್ಲದಿದ್ದರೆ ನಮೂನೆ 16. ನಮಗೆ ಬಂದದ್ದು 16, ಏನೂ ಇಲ್ಲ ಎನ್ನುವುದು. ಇಷ್ಟಕ್ಕೆ ತೃಪ್ತರಾಗಿ ಮನೆ ಖರೀದಿ ಮಾಡುವವರನ್ನು ನಮ್ಮ ಸೊಸೈಟಿಯಲ್ಲಿ ಬೇಕಾದಷ್ಟು ಕಂಡಿದ್ದೇನೆ, ಅದಕ್ಕೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಆನ್‌ಲೈನ್ ಹುಡುಕಾಟ ನಡೆಯುವುದು ಗಣಕೀಕರಣವಾದ ದಾಖಲೆಗಳಲ್ಲಿ ಮಾತ್ರ, ಅಂದರೆ 2004ರಿಂದ ಈಚಿನವುಗಳಲ್ಲಿ. ಅದಕ್ಕಿಂತ ಹಳೆಯದು ಬೇಕೆಂದರೆ ಕಚೇರಿಯಲ್ಲಿ ಕೈಬರಹದ ಸೂಚಿ ನೋಡಿಸಬೇಕು. ಇನ್ನೊಂದು, ಹುಡುಕಾಟ ನೀವು ಕೊಟ್ಟ ನಂಬರಿನ ಮೇಲೆ ನಡೆಯುತ್ತದೆ. ಪತ್ರ ಬರೆದವರು ಪಾಲಿಕೆ ನಂಬರ್ ಹಾಕಿದ್ದು ನೀವು ಸಿ.ಟಿ.ಎಸ್. ನಂಬರ್ ಕೊಟ್ಟರೆ ಏನೂ ಸಿಗಲಿಕ್ಕಿಲ್ಲ. ಗೊತ್ತಿರುವ ನಂಬರುಗಳನ್ನೆಲ್ಲ ಬೇರೆ ಬೇರೆಯಾಗಿ ಕೊಟ್ಟು ನೋಡುವುದು ಲೇಸು. ಮೂರನೆಯದು ಬಹಳ ಜನರಿಗೆ ಗೊತ್ತಿಲ್ಲ: ಸ್ಥಿರಾಸ್ತಿಯ ಪತ್ರಗಳು ನೋಂದಣಿ ಕಚೇರಿಯ 1ನೇ ಪುಸ್ತಕದಲ್ಲಿರುತ್ತವೆ, ಮರಣಶಾಸನ 3ನೇ ಪುಸ್ತಕದಲ್ಲಿ. ಇಸಿ ತೆಗೆಯುವುದು 1ನೇ ಪುಸ್ತಕದಿಂದ. ಹಾಗಾಗಿ ರಿಜಿಸ್ಟರ್ ಮಾಡಿದ ಮರಣಶಾಸನವೂ ಇಸಿಯಲ್ಲಿ ಕಾಣುವುದಿಲ್ಲ. ಅದನ್ನು ರಿಜಿಸ್ಟರ್ ಮಾಡಲೇಬೇಕೆಂಬ ಕಡ್ಡಾಯವೂ ಇಲ್ಲ. ಬಾಯಿಮಾತಿನ ಪಾಲು, ವಾರಸಾ ಹಕ್ಕು, ಬಿಳಿ ಹಾಳೆಯ ಕರಾರು, ಇವು ಯಾವುವೂ ಅದರಲ್ಲಿ ಬರುವುದಿಲ್ಲ. ಖಾಲಿ ಇಸಿ ಕೈಯಲ್ಲಿ ಹಿಡಿದು "ಆಸ್ತಿ ಸ್ವಚ್ಛ ಐತಿ" ಎನ್ನುವ ದಲಾಲಿಗಳ ಮಾತನ್ನು ಅರ್ಧ ಮಾತ್ರ ಕೇಳಬೇಕು.

ಕೈಬರಹದ ಸೂಚಿಯಲ್ಲಿ ಎರಡು ಬಗೆ. ಒಂದರಲ್ಲಿ ಪತ್ರಕ್ಕೆ ಸಹಿ ಹಾಕಿದವರ ಹೆಸರಿನ ಮೇಲೆ ಜೋಡಣೆ, ಇನ್ನೊಂದರಲ್ಲಿ ಆಸ್ತಿಯ ಮೇಲೆ. ವರ್ಷ ಗೊತ್ತಿಲ್ಲದಿದ್ದರೆ ಪ್ರತಿ ವರ್ಷದ ವಹಿಯನ್ನೂ ತೆಗೆಸಬೇಕು, ವರ್ಷಕ್ಕಿಷ್ಟೆಂದು ಶುಲ್ಕ ಕಟ್ಟಬೇಕು. ಆದ್ದರಿಂದ ಮೊದಲು ಮನೆಯಲ್ಲಿ ಕುಳಿತು ವರ್ಷ ಹಿಡಿಯುವುದು ಜಾಣತನ. ಕಾಕಾನ ಕಿರಿಯ ಮಗಳು ತೊಟ್ಟಿಲಲ್ಲಿದ್ದಾಗ ಪಾಲಾಯಿತೆಂದು ಕಾಕೂಗೆ ನೆನಪಿತ್ತು. ಮಗಳ ಶಾಲೆ ದಾಖಲೆ ನೋಡಿದರೆ 1994ರ ಆಸುಪಾಸು. ಅಪ್ಪನ ಹೆಸರಿನಲ್ಲಿ ಸಿಗಲಿಲ್ಲ. ಕಾಕಾನ ಹೆಸರಿನ ಮೊದಲಕ್ಷರದ ಹಾಳೆಯಲ್ಲಿ ಸಿಕ್ಕಿತು! ಪತ್ರದಲ್ಲಿ ಇಬ್ಬರೂ ಇದ್ದರು. ಸೂಚಿಯಲ್ಲಿ ಯಾವ ಹೆಸರು ಓದಲು ಬರುವಂತಿದೆ ಎಂಬುದು ಬರೆದವರ ಅಕ್ಷರದ ಮೇಲೆ ಹೋಗುತ್ತದೆ. ಇಂಥ ಹುಡುಕಾಟದಲ್ಲಿ ಒಂದೇ ಹೆಸರು ಹಿಡಿದು ಕೂಡಬಾರದು, ಪತ್ರದಲ್ಲಿ ಇದ್ದಿರಬಹುದಾದ ಎಲ್ಲರ ಹೆಸರನ್ನೂ ಬರೆದುಕೊಂಡು ಹೋಗಬೇಕು, ಸೋದರತ್ತೆಯರ ಹೆಸರನ್ನೂ ಕೂಡ.

ದೃಢೀಕೃತ ನಕಲು ಕೈಗೆ ಬಂದಾಗ ಮೊದಲು ನೋಡಿದ್ದು ಅತ್ತೆಯ ಸಹಿ. ಇತ್ತು. ಅಜ್ಜ ಮರಣಶಾಸನ ಬರೆಯದೆ ಹೋದವನು. ಅವನ ಸ್ವಂತ ಖರೀದಿಯ ಮನೆಯಲ್ಲಿ ಮಗಳಿಗೂ ಗಂಡುಮಕ್ಕಳಷ್ಟೇ ಪಾಲು. ಅತ್ತೆ ಅದೇ ಪತ್ರದಲ್ಲಿ ತಮ್ಮ ಹಕ್ಕು ಬಿಟ್ಟುಕೊಟ್ಟು ಸಹಿ ಮಾಡಿದ್ದರು. ಅದಿಲ್ಲದಿದ್ದರೆ ಈ ಬರಹ ಇಲ್ಲಿಗೇ ನಿಂತು, ಇನ್ನೊಂದು ದೊಡ್ಡ ಬರಹ ಶುರುವಾಗುತ್ತಿತ್ತು. ಅತ್ತೆಗೆ ಅದಕ್ಕೆ ಪ್ರತಿಯಾಗಿ ಏನು ಕೊಟ್ಟರು ಎಂಬುದನ್ನು ನಾನು ಕೇಳಿದೆ. ಯಾರೂ ನೆಟ್ಟಗೆ ಉತ್ತರ ಕೊಡಲಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳ ಸಹಿ ಒಂದು ಸೀರೆಗೆ ಬಂದುಬಿಡುತ್ತದೆ.

ಪತ್ರ ಸಿಕ್ಕಿತು ಎಂದ ಮಾತ್ರಕ್ಕೆ ಕಾರ್ಡು ಎರಡಾಗುವುದಿಲ್ಲ. ಒಂದು ಸಿ.ಟಿ.ಎಸ್. ನಂಬರನ್ನು ಒಡೆಯಲು ಅಳತೆಗೆ ಅರ್ಜಿ ಹಾಕಬೇಕು, ಪಾಲುದಾರರಿಗೆ ನೋಟಿಸ್ ಹೋಗಬೇಕು, ಭೂಮಾಪಕರು ಬಂದು ಅಳೆಯಬೇಕು. ವಾಟ್ಣಿ ಪತ್ರದಲ್ಲಿ ಅಳತೆ ಫೂಟಿನಲ್ಲಿ, ಕಾರ್ಡಿನಲ್ಲಿ ಚದರ ಮೀಟರಿನಲ್ಲಿ, ಅಜ್ಜನ ಪತ್ರದಲ್ಲಿ ಗಜದಲ್ಲಿ. ಒಂದು ಚದರ ಗಜ ಎಂದರೆ 0.836 ಚದರ ಮೀಟರ್, ಒಂದು ಚದರ ಮೀಟರ್ ಎಂದರೆ 10.76 ಚದರ ಫೂಟು. ನಾನು ಮೊದಲೇ ಎಲ್ಲವನ್ನೂ ಮೀಟರಿಗೆ ತಂದು ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೆ. ನಡುವಿನ ಗೋಡೆ ಯಾರದು ಎಂಬಲ್ಲಿ ಮಾತು ಸ್ವಲ್ಪ ಬಿಸಿಯಾಯಿತು. ಹಳೆಯ ಮಣ್ಣಿನ ಗೋಡೆ, ದಪ್ಪ ಎಂದರೆ ದಪ್ಪ. ಪತ್ರದಲ್ಲಿ ಗೋಡೆ ಜಂಟಿ ಎಂದಿತ್ತು. ಕಾಕಾ ಓದಿಸಿ ಕೇಳಿ, "ಅಣ್ಣ ಬರಸಿದ್ದು ಐತೆಲ್ಲ, ಮುಗೀತು" ಎಂದು ಸಹಿ ಮಾಡಿದರು. ಗೋಡೆಯ ನಡುಮಧ್ಯದಿಂದ ಗೆರೆ ಎಳೆದರು.

ಇದಾದ ಮೇಲೆ ಅಪ್ಪನ ಭಾಗಕ್ಕೆ ವಾರಸಾ, ಅಂದರೆ ವಾರಸುದಾರರ ಹೆಸರು ಏರಿಸುವುದು. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶಾವಳಿ, ಅಫಿಡವಿಟ್, ಚಾಲ್ತಿ ವರ್ಷದ ತೆರಿಗೆ ರಸೀದಿ. ಅವ್ವ, ನಾನು, ತಮ್ಮ, ಮೂವರ ಹೆಸರೂ ಬಂತು. ಅದೇ ಕಾಗದಗಳ ಮೇಲೆ ಪಾಲಿಕೆಯಲ್ಲೂ ಹೆಸರು ಬದಲಾಯಿತು. ಈಗ 2024ರ ಅಕ್ಟೋಬರಿನಿಂದ ನಗರದ ಆಸ್ತಿ ಮಾರಾಟ ನೋಂದಣಿಗೆ ಇ-ಖಾತಾ (ಗಣಕೀಕೃತ ಖಾತೆ) ಬೇಕೇ ಬೇಕು ಎಂದು ಆಗಿರುವುದರಿಂದ, ಯಾವಾಗಲೋ ಒಮ್ಮೆ ಮಾಡಿಸಲೇಬೇಕಾದ ಕೆಲಸ ಇದು.

ಇಲ್ಲಿ ಒಬ್ಬರು ಪರಿಚಯದವರು ಸಲಹೆ ಕೊಟ್ಟರು: ನೀವಿಬ್ಬರೂ ಮಕ್ಕಳು ಹಕ್ಕುಸೋಡ ಪತ್ರ ಮಾಡಿ ಅವ್ವನೊಬ್ಬಳ ಹೆಸರಿಗೇ ಬಿಟ್ಟುಕೊಡಿ, ರಿಯಾಯಿತಿ ಸಲೀಸಾಗಿ ಸಿಗುತ್ತದೆ ಎಂದು. ನಾನು ಒಪ್ಪಲಿಲ್ಲ. ಹಕ್ಕು ಬಿಟ್ಟುಕೊಟ್ಟ ಪತ್ರ ಕಾಯಂ. ವರ್ಷಕ್ಕೆ ಕೆಲವು ಸಾವಿರ ರೂಪಾಯಿಯ ಘರಪಟ್ಟಿಗಾಗಿ ಹಾಗೆ ಮಾಡುವುದು ಶಾಣ್ಯಾತನವಲ್ಲ. ಅತ್ತೆಯ ಸಹಿ ನೋಡಿದ ಮೇಲಂತೂ ಅಲ್ಲ. ರಿಯಾಯಿತಿ ಇರುವುದು ತೀರಿಹೋದ ಸೈನಿಕರ ಕುಟುಂಬಕ್ಕೆ, ಆ ಕುಟುಂಬ ಎಂದರೆ ನಾವೇ. ಮೂವರ ಹೆಸರಿನಲ್ಲಿಯೇ ಅರ್ಜಿ ಹಾಕಿದೆವು, ಅವ್ವ ಅಲ್ಲೇ ವಾಸವಿದ್ದಾರೆ ಎಂಬ ಘೋಷಣೆಯೊಂದಿಗೆ.

ಅರ್ಜಿಯ ಜೊತೆ ಅಪ್ಪನ ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶ, ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಯಿಂದ ಪಡೆದ ಪ್ರಮಾಣಪತ್ರ, ಅವ್ವನ ಗುರುತಿನ ಚೀಟಿ ಇಟ್ಟೆವು. ಮತ್ತೆ ಹೆಸರಿನದೇ ಪೇಚಾಟ. ನಮ್ಮ ಕಡೆ ಕೆಲವು ಮನೆಗಳಲ್ಲಿ ಮದುವೆಯಲ್ಲಿ ಸೊಸೆಗೆ ಹೊಸ ಹೆಸರು ಇಡುತ್ತಾರೆ. ಅಪ್ಪನ ಪಿಂಚಣಿ ಕಾಗದದಲ್ಲಿ ಅವ್ವನ ಗಂಡನ ಮನೆಯ ಹೆಸರು, ಆಧಾರ್‌ನಲ್ಲಿ ತವರಿನ ಹೆಸರು. ಅಪ್ಪನ ಹೆಸರೂ ಫೌಜಿನಲ್ಲಿ ಒಂದು ಕ್ರಮ, ವಾಟ್ಣಿ ಪತ್ರದಲ್ಲಿ ಇನ್ನೊಂದು ಕ್ರಮ. ಒಂದು ಕಡೆ ಅಡ್ಡಹೆಸರು ಇದೆ, ಒಂದು ಕಡೆ ಇಲ್ಲ. ಎರಡೂ ಹೆಸರು ಒಬ್ಬರದೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿದೆವು. ಆದರೆ ಅವ್ವನ ಹೆಸರನ್ನು ಪಿಂಚಣಿ ದಾಖಲೆಯಲ್ಲೇ ಸರಿಪಡಿಸಲು ರೆಕಾರ್ಡ್ಸ್ ಆಫೀಸಿಗೂ ಬರೆದೆವು. ರೆಜಿಮೆಂಟಿನ ರೆಕಾರ್ಡ್ಸ್ ನಮ್ಮೂರಲ್ಲೇ ಇರುವುದರಿಂದ ಅಷ್ಟು ಸುಖ. ದೂರದ ರೆಜಿಮೆಂಟಿನವರ ಮನೆಯವರಿಗೆ ಇದು ಟಪಾಲಿನ ಕೆಲಸ.

ಈಗ ದುಡ್ಡಿನ ಲೆಕ್ಕ. ಬೆಂಗಳೂರಿನ ಹೊರಗೆ ನಮ್ಮಂಥ ಊರುಗಳಲ್ಲಿ ತೆರಿಗೆ ನಿಂತಿರುವುದು ಜಾಗ ಮತ್ತು ಕಟ್ಟಡದ ಮಾರ್ಗಸೂಚಿ ಬೆಲೆಯ ಮೇಲೆ. ಕಟ್ಟಡಕ್ಕೆ ವಯಸ್ಸಿನ ಮೇಲೆ ಸವಕಳಿ ಕಳೆಯುತ್ತಾರೆ. ಆದ್ದರಿಂದ ಸ್ವಯಂ ಘೋಷಣೆಯಲ್ಲಿ ಕಟ್ಟಿದ ವರ್ಷ ಸರಿಯಾಗಿರಬೇಕು. ಹಳೆಯ ಮನೆಗೆ ಹೊಸ ಮನೆಯ ತೆರಿಗೆ ಕಟ್ಟುತ್ತಿರುವವರು ಇದ್ದಾರೆ, ರಿಯಾಯಿತಿ ಹುಡುಕುವ ಮೊದಲು ಅವರು ಈ ಕಾಲಮ್ಮು ನೋಡುವುದು ಒಳ್ಳೆಯದು. ಎಣಿಕೆ ಸುಲಭವಾಗಲೆಂದು ವಾಸದ ಭಾಗದ ತೆರಿಗೆ 4,000 ರೂಪಾಯಿ ಎಂದು ಹಿಡಿಯೋಣ. ಅದರ ಮೇಲೆ ಶೇ. 15 ಆರೋಗ್ಯ ಕರ, ಶೇ. 6 ಗ್ರಂಥಾಲಯ ಕರ, ಶೇ. 3 ಭಿಕ್ಷುಕರ ಕರ ಸೇರುತ್ತವೆ. ಈ ಮೂರಕ್ಕೇ 960 ಆಯಿತು, ಒಟ್ಟು 4,960. ರಿಯಾಯಿತಿ ಸಿಕ್ಕರೆ ತೆರಿಗೆ 2,000. ಕರಗಳು ತೆರಿಗೆಯ ಶೇಕಡಾವಾರು ಆದ್ದರಿಂದ ಅವೂ ಅರ್ಧವಾಗಿ 480. ಒಟ್ಟು 2,480. ಏಪ್ರಿಲ್ ಮುಗಿಯುವುದರೊಳಗೆ ಕಟ್ಟಿದರೆ ತೆರಿಗೆಯಲ್ಲಿ ಶೇ. 5 ಸೋಡಿ, ಅಂದರೆ ಇನ್ನೂ 100 ರೂಪಾಯಿ ಕಡಿಮೆ. ಇದಕ್ಕೆ ಸೈನಿಕರೇ ಆಗಬೇಕೆಂದಿಲ್ಲ, ಯಾರಿಗಾದರೂ ಸಿಗುತ್ತದೆ. ಮೇ, ಜೂನ್‌ನಲ್ಲಿ ಸೋಡಿಯೂ ಇಲ್ಲ, ದಂಡವೂ ಇಲ್ಲ. ಜುಲೈಯಿಂದ ತಿಂಗಳಿಗೆ ಶೇ. 2. ವರ್ಷಕ್ಕೆ ಶೇ. 24 ಬಡ್ಡಿ ಎಂದರೆ ನಮ್ಮ ಸೊಸೈಟಿ ಕೂಡ ಅಷ್ಟು ಹಾಕುವುದಿಲ್ಲ.

ಮನೆಯ ಮುಂದಿನ ಕೋಣೆಯಲ್ಲಿ ಒಬ್ಬರು ಟೇಲರ್ ಬಾಡಿಗೆಗೆ ಇದ್ದಾರೆ. ಆ ಕೋಣೆಗೆ ರಿಯಾಯಿತಿ ಇಲ್ಲ, ಅದು ವಾಣಿಜ್ಯ ದರದಲ್ಲೇ. ಪೂರ್ತಿ ಮನೆ ವಾಸದ್ದೆಂದು ಬರೆಯಿರಿ, ಯಾರು ಬಂದು ನೋಡುತ್ತಾರೆ ಎಂದವರೂ ಇದ್ದರು. ಗಲ್ಲಿಗೆ ಮುಖ ಮಾಡಿ ಬೋರ್ಡು ತೂಗುವಾಗ ಬಂದು ನೋಡುವುದೇನು ಬಂತು. ಕೋಣೆಯ ಕ್ಷೇತ್ರ ಬೇರೆ ತೋರಿಸಿ, ಉಳಿದದ್ದಕ್ಕೆ ಮಾತ್ರ ಕೇಳಿದೆವು; ಅಷ್ಟಕ್ಕೆ ಸಿಕ್ಕಿತು. ಗುಡಿ, ಮಠ, ಮಸೀದಿಗಳಿಗೆ ಇರುವ ವಿನಾಯಿತಿಯೂ ಹೀಗೆಯೇ. ಪೂಜೆಗೆ ಬಳಸುವ ಭಾಗಕ್ಕೆ ಉಂಟು, ಅದರ ಮುಂಗಟ್ಟಿನ ಬಾಡಿಗೆ ಮಳಿಗೆಗಳಿಗೆ ಇಲ್ಲ. ಇನ್ನು, ವಯಸ್ಸಾದವರು, ವಿಧವೆಯರು ಎಂಬ ಕಾರಣಕ್ಕೇ ಘರಪಟ್ಟಿ ಮಾಫಿ ಆಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಪಾಲಿಕೆ ಕಾಯ್ದೆಯ 110ನೇ ಕಲಮಿನ ವಿನಾಯಿತಿ ಪಟ್ಟಿಯಲ್ಲಿ ಅಂಥದ್ದಿಲ್ಲ. ಅವ್ವನಿಗೆ ಸಿಕ್ಕದ್ದು ವಯಸ್ಸಿಗಲ್ಲ, ಅಪ್ಪನ ಫೌಜಿನ ನೌಕರಿಗೆ.

ನಮ್ಮ ಕೆಲಸ ಮುಗಿದ ಸುದ್ದಿ ಹರಡಿ, ಕೇಳಿಕೊಂಡು ಬಂದವರೂ ಇದ್ದಾರೆ. ಕ್ಯಾಂಪಿನ ಗೆಳತಿಯೊಬ್ಬಳು ಪಾಲಿಕೆಯ ಪಟ್ಟಿಯಲ್ಲಿ ತನ್ನ ಮನೆಯೇ ಇಲ್ಲ ಎಂದು ಗಾಬರಿಯಾಗಿದ್ದಳು. ಕ್ಯಾಂಪ್ ಎಂದರೆ ದಂಡು ಪ್ರದೇಶ. ಅಲ್ಲಿ ತೆರಿಗೆ ಕಂಟೋನ್ಮೆಂಟ್ ಬೋರ್ಡಿನದು, ಜಾಗದ ದಾಖಲೆ ಜನರಲ್ ಲ್ಯಾಂಡ್ ರಿಜಿಸ್ಟರಿನಲ್ಲಿ. ಅಲ್ಲಿನ ಹಳೆಯ ಬಂಗಲೆಗಳಲ್ಲಿ ಎಷ್ಟೋ ಓಲ್ಡ್ ಗ್ರ್ಯಾಂಟ್ ಹಿಡುವಳಿಯವು; ಕಟ್ಟಡ ಮನೆಯವರದು, ನೆಲ ಸರಕಾರದ್ದು. ಹಿಂಡಲಗಾ ಕಡೆ ಪ್ಲಾಟು ತೆಗೆದ ಸಹೋದ್ಯೋಗಿಗೆ ನಮ್ಮ ಕಾರ್ಡಿನ ಪಾಠ ಪ್ರಯೋಜನಕ್ಕೆ ಬರಲಿಲ್ಲ. ಗ್ರಾಮ ಪಂಚಾಯಿತಿಯ ಹದ್ದಿನಲ್ಲಿ ನೋಡಬೇಕಾದದ್ದು ಇ-ಸ್ವತ್ತಿನ ನಮೂನೆ 9 ಮತ್ತು 11, ಮತ್ತು ಆ ಪ್ಲಾಟು ಯಾವ ಸರ್ವೆ ನಂಬರಿನಿಂದ ಬಂತೋ ಅದರ ಪಹಣಿ. ಪಹಣಿಯಲ್ಲಿ 9ನೇ ಕಾಲಮ್ಮಿನಲ್ಲಿ ಮಾಲಕರು, 11ರಲ್ಲಿ ಬೋಜಾ. ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಬೀಗರದು ಇನ್ನೊಂದು ಬಗೆ. ಆಲಮಟ್ಟಿಯ ಹಿನ್ನೀರಿಗೆ ಹಳೆ ಊರಿನ ಮನೆ ಕೊಟ್ಟು, ಪಟ್ಟಣ ಅಭಿವೃದ್ಧಿ ಪ್ರಾಧಿಕಾರದಿಂದ ಸೆಕ್ಟರಿನಲ್ಲಿ ನಿವೇಶನ ಪಡೆದವರು ಅವರು. ಅವರ ಮೂಲ ಕಾಗದ ಪ್ರಾಧಿಕಾರದ ಹಂಚಿಕೆ ಆದೇಶ. ಅದರ ಹಿಂದಕ್ಕೆ ಹೋಗಲು ನೀರಿನಡಿ ಹೋದ ಮನೆಯ ಭೂಸ್ವಾಧೀನದ ಕಡತ ಬೇಕು.

ಒಂದು ಮಾತು ಎಲ್ಲರಿಗೂ ಹೇಳುತ್ತೇನೆ. ತೆರಿಗೆ ರಸೀದಿಯಾಗಲಿ ಖಾತೆಯಾಗಲಿ ಮಾಲಕತ್ವದ ಪತ್ರವಲ್ಲ. ಕಂದಾಯ ದಾಖಲೆಯ ನಮೂದು ತೆರಿಗೆ ವಸೂಲಿಗಾಗಿ ಇರುವುದು, ಅದು ಹಕ್ಕು ಹುಟ್ಟಿಸುವುದಿಲ್ಲ ಎಂದು ಸುಪ್ರೀಂ ಕೋರ್ಟು ಮತ್ತೆ ಮತ್ತೆ ಹೇಳಿದೆ. ಹಕ್ಕು ಇರುವುದು ಖರೀದಿ ಪತ್ರದಲ್ಲಿ, ವಾಟ್ಣಿಯಲ್ಲಿ, ವಾರಸದಲ್ಲಿ. ಆದರೂ ಕೌಂಟರಿನ ಆಚೆ ಕುಳಿತವರಿಗೆ ಕಾಣುವುದು ಆ ನಮೂದೇ. ಅದಕ್ಕೇ ಎರಡನ್ನೂ ಕೂಡಿಸಬೇಕು.

ಹೆಸ್ಕಾಂ ಮೀಟರು ಇನ್ನೂ ಕಾಕಾನ ಹೆಸರಿನಲ್ಲೇ ಇದೆ. ಬಿಲ್ಲು ಮಾಲಕತ್ವ ತೋರಿಸುವುದಿಲ್ಲವಾದ್ದರಿಂದ ಅವಸರ ಮಾಡಿಲ್ಲ. ಟೇಲರ್ ಕೊಡುವ ಬಾಡಿಗೆಯನ್ನು ಮೂವರ ಪಾಲಿನಂತೆ ಆದಾಯ ತೆರಿಗೆಯಲ್ಲಿ ತೋರಿಸುವಾಗ, ಆ ಕೋಣೆಗೆ ಆ ವರ್ಷ ನಿಜವಾಗಿ ಕಟ್ಟಿದ ಘರಪಟ್ಟಿಯನ್ನು ಬಾಡಿಗೆಯಿಂದ ಕಳೆದು, ಉಳಿದದ್ದರಲ್ಲಿ ಶೇ. 30 ಬಿಟ್ಟು ಲೆಕ್ಕ ಹಾಕುತ್ತೇವೆ. ರಸೀದಿ ಇದಕ್ಕೂ ಬೇಕು. ತಮ್ಮನಿಗೆ ಮೇಲಿನ ಅಂತಸ್ತು ಬಾಡಿಗೆಗೆ ಕೊಡುವ ಮನಸ್ಸಿದೆ. ಕೊಟ್ಟರೆ ಅಷ್ಟು ಭಾಗ ಸ್ವಂತ ವಾಸದಿಂದ ಹೊರಗೆ ಹೋಗುತ್ತದೆ, ಮುಂದಿನ ಏಪ್ರಿಲ್‌ನ ಘೋಷಣೆಯಲ್ಲಿ ಬದಲಿಸಿ ಬರೆಯಬೇಕು. ಬಾಡಿಗೆ ಎಷ್ಟು ಬಂದೀತು, ರಿಯಾಯಿತಿ ಎಷ್ಟು ಹೋದೀತು ಎಂದು ಒಂದು ಹಾಳೆಯಲ್ಲಿ ಬರೆದು ಕೊಟ್ಟಿದ್ದೇನೆ. ಅವ್ವ ಮಾತ್ರ, ಬಾಡಿಗೆಯವರು ಬಂದರೆ ಹಪ್ಪಳ ಒಣಹಾಕಲು ಮಾಳಿಗೆ ಬಿಡುತ್ತಾರೋ ಇಲ್ಲವೋ, ಅದನ್ನು ಮೊದಲು ಕೇಳು ಎನ್ನುತ್ತಿದ್ದಾರೆ.